ತೊಟ್ಟಿ ಮನೆ: ಪಶ್ಚಿಮ ಬೆಂಗಳೂರಿನ ಹಳ್ಳಿಮನೆಗಳ ವಾಸ್ತು ಮತ್ತು ಸಂರಕ್ಷಣೆ

ಹಳೆ ಮೈಸೂರು ಸೀಮೆಯಲ್ಲಿ ಜಮೀನುಳ್ಳ ಒಕ್ಕಲು ಕುಟುಂಬಗಳು ಕಟ್ಟಿಕೊಳ್ಳುತ್ತಿದ್ದ ಮನೆಯ ಮುಖ್ಯ ಮಾದರಿ ತೊಟ್ಟಿ ಮನೆ. ನಡುವೆ ಆಕಾಶಕ್ಕೆ ತೆರೆದ ತಗ್ಗಾದ ಅಂಗಳ, ಅದರ ನಾಲ್ಕೂ ಕಡೆ ಕಂಬಗಳ ಕೈಸಾಲೆ, ಕೈಸಾಲೆಯ ಹಿಂದೆ ಕೋಣೆಗಳು, ಒಳಕ್ಕೂ ಹೊರಕ್ಕೂ ಇಳಿಜಾರಾದ ಹೆಂಚಿನ ಮಾಡು ಇದರ ಲಕ್ಷಣಗಳು. ಮಲೆನಾಡು ಮತ್ತು ಕರಾವಳಿಯ ಚೌಕಿ ಮನೆ, ತುಳುನಾಡಿನ ಗುತ್ತಿನ ಮನೆ, ಕೊಡಗಿನ ಐನ್‌ಮನೆ, ಉತ್ತರ ಕರ್ನಾಟಕದ ವಾಡೆ ಇವೆಲ್ಲ ಇದೇ ವಿಚಾರದ ಬೇರೆ ಬೇರೆ ರೂಪಗಳು. ಮಳೆ, ಮಣ್ಣು, ಬೆಳೆ ಬದಲಾದಂತೆ ಮಾಡಿನ ಓರೆ, ಗೋಡೆಯ ದಪ್ಪ, ಮರದ ಕೆಲಸ ಬದಲಾಗಿವೆ. ನಡುವಿನ ತೆರವು ಮಾತ್ರ ಎಲ್ಲೆಡೆಯೂ ಇದೆ.

ಬೆಂಗಳೂರಿನ ಪಶ್ಚಿಮಕ್ಕೆ ರಾಜಾಜಿನಗರದಿಂದ ಕೆಂಗೇರಿಯವರೆಗೆ ಇಂದು ಕಾಣುವುದು ಬಡಾವಣೆಗಳ ಸಾಲು. ಈ ಬಡಾವಣೆಗಳ ಹೊಟ್ಟೆಯೊಳಗೆ ಹತ್ತಾರು ಹಳ್ಳಿಗಳಿವೆ. ಆ ಹಳ್ಳಿಗಳಲ್ಲಿ ಉಳಿದಿರುವ ತೊಟ್ಟಿ ಮನೆಗಳು ಸ್ಮಾರಕಗಳ ಪಟ್ಟಿಯಲ್ಲಿ ಸಿಗುವುದಿಲ್ಲ, ಪ್ರವಾಸಿ ನಕ್ಷೆಯಲ್ಲೂ ಇಲ್ಲ. ಈ ಲೇಖನ ಆ ಮನೆಗಳ ಕಟ್ಟೋಣ, ಬಳಕೆ, ಅಳಿವು ಮತ್ತು ಅವುಗಳ ರಕ್ಷಣೆಗಿರುವ ದಾರಿಗಳನ್ನು ಕುರಿತದ್ದು.

ಬಡಾವಣೆಯೊಳಗಿನ ಊರು

ಕೇತಮಾರನಹಳ್ಳಿ, ಸಾಣೇಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಹೊಸಹಳ್ಳಿ, ಮಾರೇನಹಳ್ಳಿ, ಅತ್ತಿಗುಪ್ಪೆ, ಮೂಡಲಪಾಳ್ಯ, ನಾಗರಭಾವಿ, ಮಲ್ಲತ್ತಹಳ್ಳಿ, ಉಲ್ಲಾಳು, ನಾಯಂಡಹಳ್ಳಿ, ಪಟ್ಟಣಗೆರೆ ಇವೆಲ್ಲ ನಗರ ಬರುವ ಮೊದಲೇ ಇದ್ದ ಊರುಗಳು. 1945ರಲ್ಲಿ ಬೆಂಗಳೂರು ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಆರಂಭವಾಯಿತು. 1976ರಲ್ಲಿ ಅದರ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು. ಈ ಸಂಸ್ಥೆಗಳು ಮುಖ್ಯವಾಗಿ ಸ್ವಾಧೀನ ಮಾಡಿಕೊಂಡದ್ದು ಹೊಲ, ತೋಟ, ಕೆರೆಯಂಗಳದ ಜಮೀನನ್ನು. ಜನ ವಾಸವಿದ್ದ ಗ್ರಾಮಠಾಣವನ್ನು ಸಾಮಾನ್ಯವಾಗಿ ಹಾಗೇ ಬಿಟ್ಟರು. ಹೀಗಾಗಿ ಊರಿನ ಉಸಿರಾಗಿದ್ದ ಹೊಲ ಹೋಯಿತು, ಊರಿನ ಮನೆಗಳು ಉಳಿದವು. ಮೂವತ್ತು ನಲವತ್ತರ ಅಳತೆಯ ನಿವೇಶನಗಳ ನೇರ ರಸ್ತೆಯಿಂದ ಒಂದು ತಿರುವು ತೆಗೆದುಕೊಂಡರೆ ಸಾಕು, ಅಡ್ಡಾದಿಡ್ಡಿ ಓಣಿ, ಅಶ್ವತ್ಥಕಟ್ಟೆ, ಮಾರಮ್ಮನ ಗುಡಿ, ಹಳೆಯ ಬಾವಿ ಎದುರಾಗುತ್ತವೆ. ಗ್ರಾಮಠಾಣದ ಗಡಿ ಎಲ್ಲಿ ಮುಗಿಯಿತೆಂದು ಹೇಳಲು ನಕ್ಷೆ ಬೇಕಾಗಿಲ್ಲ. ರಸ್ತೆಯ ಅಗಲವೇ ಹೇಳುತ್ತದೆ.

ಕೆಂಗೇರಿಯ ಕಥೆ ಸ್ವಲ್ಪ ಬೇರೆ. ಅದು ಮೈಸೂರು ರಸ್ತೆಯ ಮೇಲಿನ ಹೋಬಳಿ ಕೇಂದ್ರ, ವೃಷಭಾವತಿಯ ದಂಡೆಯ ಊರು. 1880ರ ದಶಕದ ಆರಂಭದಲ್ಲಿ ಬೆಂಗಳೂರು-ಮೈಸೂರು ರೈಲು ದಾರಿ ಇದರ ಪಕ್ಕದಲ್ಲೇ ಹಾದುಹೋಯಿತು. ಸ್ವಂತ ಪುರಸಭೆ ಇದ್ದ ಕೆಂಗೇರಿ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿತು. 2021ರ ಆಗಸ್ಟ್‌ನಲ್ಲಿ ನೇರಳೆ ಮಾರ್ಗದ ಮೆಟ್ರೋ ಅಲ್ಲಿಗೆ ತಲುಪಿತು. ಪಕ್ಕದ ಕೊಮ್ಮಘಟ್ಟ, ಸೂಲಿಕೆರೆ, ರಾಮಸಂದ್ರ, ಭೀಮನಕುಪ್ಪೆ ಊರುಗಳ ಜಮೀನು ನಾಡಪ್ರಭು ಕೆಂಪೇಗೌಡ ಬಡಾವಣೆಗೆ ಸೇರಿದೆ. ಐವತ್ತು ವರ್ಷಗಳ ಹಿಂದೆ ಅತ್ತಿಗುಪ್ಪೆಯಲ್ಲಿ ನಡೆದದ್ದು ಈಗ ಇಲ್ಲಿ ನಡೆಯುತ್ತಿದೆ. ಅತ್ತಿಗುಪ್ಪೆಯಲ್ಲಿ ಏನಾಯಿತೆಂಬುದು ಗೊತ್ತಿರುವುದರಿಂದ ಇಲ್ಲಿ ಬೇರೆ ರೀತಿ ನಡೆದುಕೊಳ್ಳಲು ಅವಕಾಶವಿದೆ.

ಮನೆಯ ವಿನ್ಯಾಸ

ತೊಟ್ಟಿ ಮನೆಯ ಅಳತೆ ಅಡಿ ಲೆಕ್ಕದಲ್ಲಿ ಇರುತ್ತಿರಲಿಲ್ಲ. ಎರಡು ತೊಲೆಗಳ ನಡುವಿನ ಜಾಗ ಒಂದು ಅಂಕಣ. ಎಂಟು ಅಂಕಣದ ಮನೆ, ಹದಿನಾರು ಅಂಕಣದ ಮನೆ ಎಂದು ಜನ ಹೇಳುತ್ತಿದ್ದುದು ಮನೆಯ ಗಾತ್ರವನ್ನೂ ಕುಟುಂಬದ ಅನುಕೂಲವನ್ನೂ ಒಟ್ಟಿಗೆ ತಿಳಿಸುತ್ತಿತ್ತು. ಸುತ್ತಮುತ್ತ ಸಿಗುವ ಮರ ಎಷ್ಟು ಉದ್ದದವರೆಗೆ ಬಾಗದೆ ಭಾರ ಹೊರುತ್ತದೆ ಎನ್ನುವುದೇ ಅಂಕಣದ ಅಗಲವನ್ನು ತೀರ್ಮಾನಿಸುತ್ತಿತ್ತು. ಹೀಗಾಗಿ ಒಂದೇ ಊರಿನ ಮನೆಗಳ ನಡುವೆ ಅಳತೆಯ ಹೊಂದಾಣಿಕೆ ತಾನಾಗಿಯೇ ಬರುತ್ತಿತ್ತು.

ಬೀದಿಯ ಕಡೆಗೆ ಜಗುಲಿ. ಮೊಣಕಾಲೆತ್ತರದ ಈ ಕಟ್ಟೆ ಮನೆಗೂ ಸೇರಿದ್ದು, ಬೀದಿಗೂ ಸೇರಿದ್ದು. ದಾರಿಹೋಕರು ಕೂರುವುದು, ಪಂಚಾಯಿತಿಯ ಮಾತು, ಸಂಜೆಯ ಹರಟೆ ಎಲ್ಲ ಇಲ್ಲೇ. ಜಗುಲಿ ದಾಟಿದರೆ ತಲೆಬಾಗಿಲು. ಅದರ ಹೊಸ್ತಿಲು ಎತ್ತರ, ಬಾಗಿಲುವಾಡ ಗಿಡ್ಡ. ಒಳಗೆ ಬರುವವರು ತಲೆ ಬಾಗಿಸಲೇಬೇಕು. ಬಾಗಿಲುವಾಡದ ಮೇಲ್ಪಟ್ಟಿಯಲ್ಲಿ ಗಜಲಕ್ಷ್ಮಿಯನ್ನೋ ಬಳ್ಳಿಯನ್ನೋ ಕೆತ್ತಿಸುವುದು ರೂಢಿ. ಇಡೀ ಮನೆಯಲ್ಲಿ ಹೆಚ್ಚು ಹಣ ಹಾಕಿ ಮಾಡಿಸಿದ ಮರಗೆಲಸ ಸಾಮಾನ್ಯವಾಗಿ ಇದೇ ಆಗಿರುತ್ತದೆ.

ಒಳಗೆ ಬಂದರೆ ತೊಟ್ಟಿ. ಸುತ್ತಲಿನ ನೆಲಕ್ಕಿಂತ ಒಂದೆರಡು ಅಡಿ ತಗ್ಗಾಗಿ, ಅಂಚಿಗೆ ಕಲ್ಲಿನ ಚಪ್ಪಡಿ ಹಾಸಿ, ಒಂದು ಮೂಲೆಯಲ್ಲಿ ನೀರು ಹೊರಹೋಗಲು ಮೋರಿ ಬಿಟ್ಟಿರುತ್ತಾರೆ. ನಾಲ್ಕು ಮಾಡುಗಳಿಂದ ಇಳಿದ ಮಳೆನೀರು ಇಲ್ಲಿ ಬಿದ್ದು ಹೋಗುತ್ತದೆ. ಹಲವರು ಮಾಡಿನ ಮೂಲೆಗೆ ದೋಣಿ ಕಟ್ಟಿ ಆ ನೀರನ್ನು ಹಂಡೆಗೆ ಹಿಡಿಯುತ್ತಿದ್ದರು. ಹಗಲಿನ ಬಿಸಿಗಾಳಿ ತೊಟ್ಟಿಯ ಮೂಲಕ ಮೇಲಕ್ಕೆ ಹೋಗುತ್ತದೆ, ತಲೆಬಾಗಿಲು ಮತ್ತು ಹಿತ್ತಲ ಬಾಗಿಲಿನಿಂದ ತಂಪು ಗಾಳಿ ಒಳಬರುತ್ತದೆ. ಬೀದಿಯ ಕಡೆಗೆ ಕಿಟಕಿಗಳು ಚಿಕ್ಕವು, ಕೆಲವು ಮನೆಗಳಿಗೆ ಇರುವುದೇ ಇಲ್ಲ. ಬೆಳಕು ಬರುವುದು ಮೇಲಿನಿಂದ. ಈ ಮನೆಗಳ ಕೋಣೆಗಳು ಕತ್ತಲೆ ಎಂಬ ದೂರು ನಿಜ. ಆದರೆ ಅವು ಮಲಗಲು, ಕಾಳು ತುಂಬಿಡಲು, ಬಾಣಂತಿಗೆ, ದೇವರಿಗೆ ಮೀಸಲಾದ ಜಾಗಗಳು. ಬದುಕಿನ ಬಹುಪಾಲು ನಡೆಯುತ್ತಿದ್ದುದು ಕೈಸಾಲೆಯಲ್ಲಿ, ತೊಟ್ಟಿಯ ಬೆಳಕಿನಲ್ಲಿ.

ತೊಟ್ಟಿಯ ಒಂದು ಪಕ್ಕಕ್ಕೆ ಪಡಸಾಲೆ, ಇನ್ನೊಂದು ಪಕ್ಕಕ್ಕೆ ಅಡಿಗೆಮನೆ, ಅದಕ್ಕೆ ತಾಗಿ ದೇವರ ಕೋಣೆ, ಹಿಂಬದಿಗೆ ಬಚ್ಚಲು, ಅದರಾಚೆ ಹಿತ್ತಲು. ಹಲವು ಮನೆಗಳಲ್ಲಿ ದನದ ಕೊಟ್ಟಿಗೆ ಮನೆಯೊಳಗೇ, ತಲೆಬಾಗಿಲ ಪಕ್ಕದಲ್ಲೇ ಇತ್ತು. ಎತ್ತು ಕಳವಾದರೆ ಬೇಸಾಯವೇ ನಿಂತುಹೋಗುತ್ತಿದ್ದ ಕಾಲದಲ್ಲಿ ಅದು ಅಗತ್ಯದ ಏರ್ಪಾಟು. ಗೊಂತು ಕಟ್ಟಿದ ಜಾಗದ ನೆಲ ಉಳಿದ ನೆಲಕ್ಕಿಂತ ತಗ್ಗು; ಒಂದೇ ಸೂರಿನಡಿ ದನಕ್ಕೂ ಮನುಷ್ಯರಿಗೂ ಮೆಟ್ಟಿಲಷ್ಟೇ ಅಂತರ.

ಈ ಮನೆಗಳನ್ನು ಹೊಗಳುವಾಗ ಒಂದು ಮಾತು ಮರೆಯಬಾರದು. ಊರಿನಲ್ಲಿ ಎಲ್ಲರಿಗೂ ತೊಟ್ಟಿ ಮನೆ ಇರಲಿಲ್ಲ. ಕೂಲಿಯವರ, ದಲಿತ ಕುಟುಂಬಗಳ ಮನೆಗಳು ಒಂದೆರಡು ಅಂಕಣದವು, ಸೋಗೆಯೋ ಹುಲ್ಲೋ ಹೊದೆಸಿದವು, ಊರಿನಿಂದ ದೂರದ ಕೇರಿಯಲ್ಲಿದ್ದವು. ಜಗುಲಿಯವರೆಗೆ ಯಾರು ಬರಬಹುದು, ಹೊಸ್ತಿಲು ಯಾರು ದಾಟಬಹುದು ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಆ ಚಿಕ್ಕ ಮನೆಗಳು ಗಟ್ಟಿ ಸಾಮಗ್ರಿಯಿಂದ ಕಟ್ಟಿದವಲ್ಲವಾದ್ದರಿಂದ ಬಹುತೇಕ ಯಾವ ಗುರುತೂ ಇಲ್ಲದೆ ಹೋಗಿವೆ. ಹಳ್ಳಿಯ ವಾಸ್ತುವನ್ನು ದಾಖಲಿಸುವವರು ಕೇರಿಯ ಮನೆಯ ನೆನಪನ್ನೂ ಕೇಳಿ ಬರೆದುಕೊಳ್ಳದಿದ್ದರೆ ದಾಖಲೆ ಅರ್ಧವಾಗುತ್ತದೆ.

ಮಣ್ಣು, ಕಲ್ಲು, ಮರ

ಬೆಂಗಳೂರಿನ ನೆಲದಡಿ ಇರುವುದು ಕೋಟ್ಯಂತರ ವರ್ಷಗಳ ಹಳೆಯ ನೈಸ್ ಬಂಡೆ. ಅದು ಪದರುಪದರಾಗಿ ಸೀಳುವುದರಿಂದ ಈ ಭಾಗದಲ್ಲಿ ಕಲ್ಲುಚಪ್ಪಡಿಯ ಬಳಕೆ ವಿಪರೀತ. ಬೆಂಕಿ ಹಾಕಿ ಕಾಯಿಸಿ, ಉಳಿ ಹೊಡೆದು ಚಪ್ಪಡಿ ಎಬ್ಬಿಸುವ ಕಲೆ ಕಲ್ಲುಕುಟಿಗರಿಗೆ ತಿಳಿದಿತ್ತು. ಪಾಯ, ಮೆಟ್ಟಿಲು, ತೊಟ್ಟಿಯ ಅಂಚು, ಜಗುಲಿಯ ಹಾಸು, ಕೊಟ್ಟಿಗೆಯ ಸೂರು, ಬೇಲಿಯ ಕಂಬ ಎಲ್ಲ ಇದೇ ಕಲ್ಲು. ಮಾಗಡಿ ರಸ್ತೆಯ ಎರಡೂ ಬದಿಯ ಹಳ್ಳಿಗಳಲ್ಲಿ ಹೊಲದ ಬದುವಿಗೆ ನಿಲ್ಲಿಸಿದ ಕಲ್ಲುಕಂಬಗಳು ಈಗಲೂ ಅಲ್ಲಲ್ಲಿ ಕಾಣಸಿಗುತ್ತವೆ.

ಗೋಡೆ ಕೆಮ್ಮಣ್ಣಿನದು. ಮಣ್ಣನ್ನು ತುಳಿದು, ನೆನೆಸಿ, ಹುಲ್ಲು ಬೆರೆಸಿ, ಒಂದು ವರಸೆ ಹಾಕಿ ಅದು ಒಣಗಿದ ಮೇಲೆ ಇನ್ನೊಂದು ವರಸೆ ಏರಿಸುತ್ತಾರೆ. ಒಂದೂವರೆಯಿಂದ ಎರಡು ಅಡಿ ದಪ್ಪದ ಈ ಗೋಡೆ ಹಗಲಿನ ಶಾಖವನ್ನು ನಿಧಾನವಾಗಿ ಹೀರಿ ರಾತ್ರಿ ನಿಧಾನವಾಗಿ ಬಿಡುತ್ತದೆ. ಅದರೊಳಗೆ ದೀಪಕ್ಕೊಂದು ಗೂಡು, ಕುಂಕುಮದ ಭರಣಿಗೊಂದು ಗೂಡು. ಮೇಲೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಕಾರಣೆ. ಹಬ್ಬಕ್ಕೆ ಮುಂಚೆ ಸುಣ್ಣಕಾರಣೆ ಮಾಡುವುದು ಅಲಂಕಾರವಾಗಿ ಕಂಡರೂ ಅದು ಗೋಡೆಯ ವಾರ್ಷಿಕ ದುರಸ್ತಿಯೇ ಆಗಿತ್ತು. ಬಿರುಕು ಕಂಡಲ್ಲಿ ಮೆತ್ತಿ, ಗೆದ್ದಲು ಕಂಡಲ್ಲಿ ಕೆರೆದು, ಸುಣ್ಣ ಹೊಡೆಯುತ್ತಿದ್ದರು. ಈ ಕೆಲಸದ ಬಹುಪಾಲು ಹೆಂಗಸರದು. ಮನೆಯ ಆಯಸ್ಸು ನಿಂತಿದ್ದು ಅವರ ಕೈಮೇಲೆ.

ಅನುಕೂಲಸ್ಥರ ಮನೆಯಲ್ಲಿ ಗಾರೆಯ ನೆಲ ಇರುತ್ತಿತ್ತು. ಸುಟ್ಟ ಸುಣ್ಣ ಮತ್ತು ಮರಳನ್ನು ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಬೆರೆಸಿ, ದಿನಗಟ್ಟಲೆ ಬಡಿದು ನಯ ಮಾಡುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಅದರ ಜಾಗಕ್ಕೆ ಸಿಮೆಂಟಿನ ಕೆಂಪು ನೆಲ ಬಂತು. ಮರ ಹೆಚ್ಚಾಗಿ ಬೇವು, ಹಲಸು, ಹೊನ್ನೆ; ತೇಗ ಶ್ರೀಮಂತರಿಗೆ. ಕಂಬದ ಬುಡಕ್ಕೆ ಕಲ್ಲಿನ ಪೀಠ, ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ. ಕಲ್ಲಿನ ಪೀಠ ಇಲ್ಲದಿದ್ದರೆ ನೆಲದ ತೇವ ಮರಕ್ಕೆ ಹತ್ತಿ ಹತ್ತಾರು ವರ್ಷಗಳಲ್ಲೇ ಕಂಬ ಕೊಳೆಯುತ್ತದೆ.

ಮಾಡಿಗೆ ಮೊದಲು ಕುಂಬಾರರು ಚಕ್ರದ ಮೇಲೆ ಮಾಡಿದ ನಾಡಹೆಂಚು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ, ರೈಲು ದಾರಿ ಬೆಳೆದಂತೆಲ್ಲ ಮಂಗಳೂರು ಹೆಂಚು ಒಳನಾಡಿಗೂ ಹರಡಿತು. ನಾಡಹೆಂಚಿಗೆ ವರ್ಷಕ್ಕೊಮ್ಮೆ ಕೈಯಾಡಿಸಬೇಕಿತ್ತು, ಹೊಸ ಹೆಂಚಿಗೆ ಅಷ್ಟು ಕೆಲಸವಿಲ್ಲ. ಆದ್ದರಿಂದ ಒಂದೇ ಮನೆಯ ಮುಂಭಾಗಕ್ಕೆ ಮಂಗಳೂರು ಹೆಂಚು, ಕೊಟ್ಟಿಗೆಗೆ ನಾಡಹೆಂಚು ಇರುವುದು ಸಾಮಾನ್ಯ. ಹಳ್ಳಿಮನೆ ಒಂದು ಕಾಲದಲ್ಲಿ ಹೆಪ್ಪುಗಟ್ಟಿದ ವಸ್ತುವಲ್ಲ. ಪ್ರತಿ ತಲೆಮಾರೂ ತನ್ನ ಕೈಗೆ ಸಿಕ್ಕಿದ್ದನ್ನು ಅದಕ್ಕೆ ಸೇರಿಸಿದೆ. ಸಂರಕ್ಷಣೆ ಮಾಡುವವರು ಈ ಪದರಗಳನ್ನು ಕಿತ್ತು ‘ಮೂಲ ರೂಪ’ ಹುಡುಕಲು ಹೊರಟರೆ ಮನೆಯ ಚರಿತ್ರೆಯೇ ಹೋಗುತ್ತದೆ.

ದುಡಿಮೆಯ ಮನೆ

ಪಶ್ಚಿಮದ ಈ ಊರುಗಳ ಮುಖ್ಯ ಬೆಳೆ ರಾಗಿ. ಒಕ್ಕಣೆಯಾದ ರಾಗಿ ಕಣಜಕ್ಕೋ ಮಣ್ಣಿನ ವಾಡೆಗೋ ಹಗೇವಿಗೋ ಹೋಗುತ್ತಿತ್ತು. ನೆಲದಡಿ ತೋಡಿದ ಹಗೇವಿನಲ್ಲಿ ಗಾಳಿಯಾಡದಂತೆ ಮುಚ್ಚಿಟ್ಟರೆ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ಬರದ ವರ್ಷಕ್ಕೆ ಅದೇ ಆಧಾರ.

ಇನ್ನೊಂದು ದುಡಿಮೆ ರೇಷ್ಮೆ. ಕೆಂಗೇರಿ ಹತ್ತೊಂಬತ್ತನೆಯ ಶತಮಾನದಲ್ಲೇ ರೇಷ್ಮೆಗೆ ಹೆಸರಾಗಿತ್ತು. 1860ರ ದಶಕದಲ್ಲಿ ಇಟಲಿಯ ಡಿ ವೆಕ್ಕಿ ಎಂಬುವರು ಇಲ್ಲಿ ಉಗಿಯ ಶಕ್ತಿಯಿಂದ ನಡೆಯುವ ನೂಲು ಬಿಚ್ಚಾಣಿಕೆಯ ಸ್ಥಾವರ ಹಾಕಿದ್ದರು. ಹುಳು ಸಾಕುವುದು ಮಾತ್ರ ರೈತರ ಮನೆಯ ಪಡಸಾಲೆಯಲ್ಲೇ. ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ, ಹಿಪ್ಪುನೇರಳೆ ಸೊಪ್ಪು ಹಾಕಿ, ಜ್ವರ ಎದ್ದ, ಅಂದರೆ ಪೊರೆ ಬಿಟ್ಟ ಹುಳುವಿಗೆ ಹೊತ್ತುಹೊತ್ತಿಗೆ ಮೇವು ಕೊಟ್ಟು, ಹಣ್ಣಾದ ಮೇಲೆ ಗೂಡು ಕಟ್ಟಲು ಚಂದ್ರಿಕೆಗೆ ಬಿಡುತ್ತಿದ್ದರು. ರೇಷ್ಮೆಹುಳುವಿಗೆ ಬಿಸಿಯೂ ಹೆಚ್ಚಾಗಬಾರದು, ಚಳಿಯೂ ಹೆಚ್ಚಾಗಬಾರದು, ಗಾಳಿ ಒಣಗಿರಬಾರದು. ದಪ್ಪ ಮಣ್ಣಿನ ಗೋಡೆ ಮತ್ತು ತೊಟ್ಟಿಯ ತೇವ ಇದಕ್ಕೆ ಹೇಳಿ ಮಾಡಿಸಿದಂತಿದ್ದವು. ಸಿಮೆಂಟ್ ಶೀಟಿನ ಮನೆಗೆ ಬದಲಾದ ಸಾಕಣೆದಾರರು ಗೋಣಿಚೀಲ ನೆನೆಸಿ ನೇತುಹಾಕಬೇಕಾಗಿ ಬಂದದ್ದು ಈ ಕಾರಣಕ್ಕೆ.

ಪಾಲು, ಬಾಡಿಗೆ, ರಸ್ತೆ

ಈ ಮನೆಗಳು ಬಿದ್ದುಹೋಗುವುದು ಹಳತಾಯಿತೆಂಬ ಕಾರಣಕ್ಕೆ ಅಪರೂಪ. ಮೊದಲ ಕಾರಣ ಪಾಲು. ಅಣ್ಣತಮ್ಮಂದಿರು ಬೇರೆಯಾದಾಗ ಹೊಲ ಹಂಚಿದಂತೆ ಮನೆಯನ್ನೂ ಅಂಕಣದ ಲೆಕ್ಕದಲ್ಲಿ ಹಂಚಿಕೊಂಡರು. ತೊಟ್ಟಿಯ ನಡುವೆ ಗೋಡೆ ಎದ್ದಿತು. ಆ ಗೋಡೆ ಬಂದ ದಿನವೇ ಗಾಳಿ, ಬೆಳಕು, ನೀರಿನ ದಾರಿ ಕೆಟ್ಟವು. ಆಮೇಲೆ ಒಂದು ಪಾಲಿನವರು ಆರ್.ಸಿ.ಸಿ. ಹಾಕಿಸಿದರೆ ಉಳಿದ ಪಾಲಿನ ತೊಲೆಗಳಿಗೆ ಆಧಾರ ಹೋಗುತ್ತದೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಕರ್ನಾಟಕದ 1994ರ ತಿದ್ದುಪಡಿ ಮತ್ತು ಕೇಂದ್ರದ 2005ರ ತಿದ್ದುಪಡಿ ನ್ಯಾಯವಾದವು, ಬಹಳ ತಡವಾಗಿ ಬಂದವು. ಮನೆ ಒಡೆಯಲು ಅವೇ ಕಾರಣ ಎಂದು ದೂರುವವರಿದ್ದಾರೆ. ಆ ದೂರಿನಲ್ಲಿ ಹುರುಳಿಲ್ಲ, ತೊಟ್ಟಿಯ ನಡುವೆ ಗೋಡೆ ಏಳಲು ಶುರುವಾದದ್ದು ಅದಕ್ಕೂ ಎಷ್ಟೋ ಮೊದಲು. ಕೊರತೆ ಇರುವುದು ಬೇರೆಡೆ: ಹಕ್ಕನ್ನು ಹಂಚಿಕೊಂಡು ಕಟ್ಟಡವನ್ನು ಒಂದಾಗಿ ಇಟ್ಟುಕೊಳ್ಳಲು ಕುಟುಂಬಗಳಿಗೆ ಸುಲಭದ ಕಾನೂನು ದಾರಿಯನ್ನು ಯಾರೂ ಹಾಕಿಕೊಟ್ಟಿಲ್ಲ.

ಎರಡನೆಯದು ಬಾಡಿಗೆ. ಬಿನ್ನಿ ಮಿಲ್ಲು, ರಾಜಾಜಿನಗರದ ಕೈಗಾರಿಕೆಗಳು, ಆಮೇಲೆ ಪೀಣ್ಯ ಇವುಗಳ ಕಾರ್ಮಿಕರಿಗೆ ಅಗ್ಗದ ಬಾಡಿಗೆ ಬೇಕಿತ್ತು. ಹೊಲ ಕಳೆದುಕೊಂಡ ಕುಟುಂಬಕ್ಕೆ ಆದಾಯ ಬೇಕಿತ್ತು. ತೊಟ್ಟಿ ಮನೆಯ ಒಂದೊಂದು ಕೋಣೆಯೂ ಒಂದೊಂದು ಸಂಸಾರಕ್ಕೆ ಹೋಗಿ ಮನೆ ವಠಾರವಾಯಿತು. ತೊಟ್ಟಿಯಲ್ಲಿ ನಲ್ಲಿ, ಪಾತ್ರೆ ತೊಳೆಯುವ ಕಲ್ಲು ಬಂದವು. ಮನೆಯನ್ನು ಕೆಲವು ದಶಕಗಳ ಕಾಲ ಉಳಿಸಿದ್ದೂ ಇದೇ ವಠಾರ ಎನ್ನಬೇಕು. ಬಾಡಿಗೆ ಬರುತ್ತಿದ್ದಷ್ಟು ಕಾಲ ಕೆಡವುವ ಯೋಚನೆ ಬರಲಿಲ್ಲ. ಮೆಟ್ರೋ ಬಂದು ನಿವೇಶನದ ಬೆಲೆ ಏರಿದಾಗ ನಾಲ್ಕು ಮಹಡಿಯ ಬಾಡಿಗೆ ಮನೆಗಳ ಲೆಕ್ಕ ಮುಂದೆ ನಿಂತಿತು. ಹೊಲ ಕಳೆದುಕೊಂಡವರ ಮುಂದೆ ಈ ಲೆಕ್ಕ ಇಟ್ಟು, ನಿಮ್ಮ ಮನೆ ಪರಂಪರೆ, ಮುಟ್ಟಬೇಡಿ ಎಂದಷ್ಟೇ ಹೇಳುವುದು ಅನ್ಯಾಯ.

ಮೂರನೆಯದು ರಸ್ತೆ. ಹಳೆಯ ಡಾಂಬರು ಕೆರೆಯದೆ ಅದರ ಮೇಲೆಯೇ ಮತ್ತೆ ಮತ್ತೆ ಡಾಂಬರು ಹಾಕಿ ಓಣಿಗಳ ನೆಲ ಏರಿದೆ. ಒಂದು ಕಾಲಕ್ಕೆ ಬೀದಿಗಿಂತ ಎತ್ತರವಿದ್ದ ಹೊಸ್ತಿಲು ಈಗ ಬೀದಿಗಿಂತ ತಗ್ಗು. ತೊಟ್ಟಿಯ ನೀರು ಹೊರಹೋಗುತ್ತಿದ್ದ ಮೋರಿಯಲ್ಲಿ ಈಗ ಬೀದಿಯ ನೀರು ಒಳಕ್ಕೆ ಬರುತ್ತದೆ. ಮಣ್ಣಿನ ಗೋಡೆಗೆ ಮಳೆಗಿಂತ ಬುಡದಲ್ಲಿ ನಿಂತ ನೀರು ಹೆಚ್ಚು ಅಪಾಯ. ತೇವ ತಡೆಯಲು ಸಿಮೆಂಟ್ ಗಿಲಾವು ಮಾಡಿಸುತ್ತಾರೆ. ಒಳಗಿನ ತೇವ ಹೊರಬರಲಾಗದೆ ಗೋಡೆ ಒಳಗೇ ಪುಡಿಯಾಗುತ್ತದೆ. ನೂರು ವರ್ಷ ನಿಂತ ಗೋಡೆ ಕೆಲವೇ ಮಳೆಗಾಲದಲ್ಲಿ ಕುಸಿದಾಗ ಮಣ್ಣಿನ ಮನೆಯ ಮೇಲೆ ತಪ್ಪು ಹೊರಿಸುತ್ತಾರೆ.

ಕಾನೂನು ಏನು ಹೇಳುತ್ತದೆ

ಸಂವಿಧಾನದ 49ನೇ ವಿಧಿ ರಾಷ್ಟ್ರೀಯ ಮಹತ್ವದ ಸ್ಮಾರಕಗಳ ರಕ್ಷಣೆಯನ್ನು ಪ್ರಭುತ್ವದ ಹೊಣೆ ಎನ್ನುತ್ತದೆ. 51ಎ(ಎಫ್) ವಿಧಿ ನಮ್ಮ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಕಾಪಾಡುವುದು ಪ್ರತಿಯೊಬ್ಬ ನಾಗರಿಕರ ಕರ್ತವ್ಯ ಎನ್ನುತ್ತದೆ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಕನಿಷ್ಠ 100 ವರ್ಷ ಹಳೆಯ ಕಟ್ಟಡಗಳಿಗೆ ಅನ್ವಯಿಸುತ್ತದೆ. 2010ರ ತಿದ್ದುಪಡಿಯಂತೆ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ 200 ಮೀಟರ್ ನಿಯಂತ್ರಿತ ವಲಯ. ರಾಜ್ಯಕ್ಕೆ ತನ್ನದೇ 1961ರ ಸ್ಮಾರಕಗಳ ಕಾಯ್ದೆ ಇದೆ. ಅದನ್ನು ಜಾರಿ ಮಾಡುವುದು ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ.

ಈ ಎರಡೂ ಕಾಯ್ದೆಗಳನ್ನು ಬರೆದವರ ಕಣ್ಣಮುಂದೆ ಇದ್ದದ್ದು ದೇವಸ್ಥಾನ, ಕೋಟೆ, ಅರಮನೆ, ಗೋರಿ. ಜನ ವಾಸವಿರುವ, ಅಡಿಗೆ ಹೊಗೆಯಾಡುವ, ಮಗಳ ಮದುವೆಗೆಂದು ಕೋಣೆ ಸೇರಿಸಿಕೊಳ್ಳುವ ಮನೆಗೆ ಈ ಚೌಕಟ್ಟು ಹೊಂದುವುದಿಲ್ಲ. ಒಂದು ಹಳ್ಳಿಮನೆಯನ್ನು ರಕ್ಷಿತ ಸ್ಮಾರಕ ಮಾಡಿ ಸುತ್ತಲಿನ ನೂರು ಮೀಟರಿನಲ್ಲಿ ಕಟ್ಟೋಣ ನಿಲ್ಲಿಸಿದರೆ ಇಡೀ ಗ್ರಾಮಠಾಣವೇ ಆ ಗೆರೆಯೊಳಗೆ ಬರುತ್ತದೆ. ಊರಿನವರು ಆ ಮನೆಯ ವೈರಿಗಳಾಗುತ್ತಾರೆ.

ಹೆಚ್ಚು ಉಪಯೋಗಕ್ಕೆ ಬರಬಹುದಾದದ್ದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961. ವಾಸ್ತು, ಸೌಂದರ್ಯ, ಚರಿತ್ರೆ ಅಥವಾ ಸಂಸ್ಕೃತಿಯ ದೃಷ್ಟಿಯಿಂದ ಮೌಲ್ಯವುಳ್ಳ ಕಟ್ಟಡವನ್ನು ಪಾರಂಪರಿಕ ಕಟ್ಟಡವೆಂದು ಘೋಷಿಸಲು ಇದರಲ್ಲಿ ಅವಕಾಶವಿದೆ. ಒಂದು ಕಟ್ಟಡವಷ್ಟೇ ಅಲ್ಲದೆ ಒಂದು ಪ್ರದೇಶವನ್ನೂ ಪಾರಂಪರಿಕ ಆವರಣವೆಂದು ಗುರುತಿಸಬಹುದು. ಬೆಂಗಳೂರಿನಲ್ಲಿ ಈ ಮಾತು ಬಂದಾಗಲೆಲ್ಲ ಚರ್ಚೆ ಪೇಟೆ, ಬಸವನಗುಡಿ, ಮಲ್ಲೇಶ್ವರ, ದಂಡು ಪ್ರದೇಶದ ಬಂಗಲೆಗಳ ಸುತ್ತಲೇ ತಿರುಗುತ್ತದೆ. 2017ರಲ್ಲಿ ಪ್ರಕಟವಾದ ಮಹಾಯೋಜನೆ 2031ರ ಕರಡಿನಲ್ಲಿ ಪಾರಂಪರಿಕ ವಲಯಗಳ ಪ್ರಸ್ತಾಪವಿತ್ತು. ಆ ಕರಡು ಅಂತಿಮವಾಗಲೇ ಇಲ್ಲ. ಮುಂದಿನ ಯೋಜನೆ ಬರೆಯುವವರು ಒಂದಾದರೂ ಗ್ರಾಮಠಾಣವನ್ನು ಆವರಣವಾಗಿ ಪರಿಗಣಿಸಬೇಕು. ಹೆಬ್ಬಾಗಿಲ ಬಂಗಲೆಗೆ ಸಿಗುವ ಗೌರವ ರಾಗಿ ಬೆಳೆದವರ ಮನೆಗೂ ಸಿಗಬೇಕು.

ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಕಾಯ್ದೆ 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆ. 100 ವರ್ಷ ಮೀರಿದ, ಕಟ್ಟಡದಿಂದ ಬೇರ್ಪಡಿಸಿದ ವಸ್ತುವೂ ಈ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಮನೆ ಕೆಡವಿದಾಗ ಕೆತ್ತನೆಯ ಬಾಗಿಲುವಾಡ, ಬೋದಿಗೆ, ಕಂಬಗಳು ಹಳೇ ಮರದ ವ್ಯಾಪಾರಿಗಳ ಕೈಗೆ ಹೋಗಿ, ಅಲ್ಲಿಂದ ಹೋಟೆಲು, ರೆಸಾರ್ಟುಗಳಿಗೆ ತಲುಪುತ್ತವೆ. ಅಂಥ ವಸ್ತುವನ್ನು ದೇಶದಾಚೆಗೆ ಸಾಗಿಸುವುದು ಖಾಸಗಿಯವರಿಗೆ ನಿಷಿದ್ಧ.

ಉಳಿದ ಮನೆಗಳು

ಕರ್ನಾಟಕದಲ್ಲಿ ಹಳ್ಳಿಮನೆ ಉಳಿದಿರುವುದು ಹೆಚ್ಚಾಗಿ ದೊಡ್ಡವರೊಬ್ಬರ ಹೆಸರಿನಿಂದ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಬೆಳೆದ ಮನೆ ಇದಕ್ಕೆ ಅತ್ಯುತ್ತಮ ಉದಾಹರಣೆ. ಮಲೆನಾಡಿನ ದೊಡ್ಡ ಚೌಕಿ ಮನೆ ಅದು: ಉಪ್ಪರಿಗೆ, ಮರದ ಕಂಬಗಳು, ನಡುವೆ ಅಂಗಳ. 1992ರಲ್ಲಿ ಸ್ಥಾಪನೆಯಾದ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಇದನ್ನು ದುರಸ್ತಿ ಮಾಡಿ ಕವಿಮನೆಯಾಗಿ ನಡೆಸುತ್ತಿದೆ. 2015ರ ನವೆಂಬರಿನಲ್ಲಿ ಅಲ್ಲಿಂದ ಕವಿಯ ಪದ್ಮ ಪದಕಗಳು ಕಳವಾದವು. ಊರಾಚೆಯ ಮನೆಯನ್ನು ಸಂಗ್ರಹಾಲಯ ಮಾಡಿದಾಗ ಕಾವಲು ಎಷ್ಟು ಕಷ್ಟ ಎಂಬುದು ಆಗ ತಿಳಿಯಿತು. ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆ, ಗಡಿನಾಡು ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ಇದೇ ಹಾದಿಯವು. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆ ಕೆಡವುವ ಹಂತಕ್ಕೆ ಬಂದಾಗ ಜನ ದನಿಯೆತ್ತಿದರು. ನಗರಪಾಲಿಕೆ ಅದನ್ನು ಕೊಂಡು 2016ರಲ್ಲಿ ಸಂಗ್ರಹಾಲಯವಾಗಿ ತೆರೆಯಿತು. ಹೆಸರಿಲ್ಲದ ಒಕ್ಕಲಿನ ಮನೆಗೆ ಇಂಥ ದನಿ ಏಳುವುದಿಲ್ಲ.

ಎರಡನೆಯ ದಾರಿ ಮನೆಯನ್ನು ಬಿಚ್ಚಿ ಬೇರೆಡೆ ಕಟ್ಟುವುದು. 1891ರಲ್ಲಿ ಸ್ಟಾಕ್‌ಹೋಮಿನಲ್ಲಿ ಅರ್ತುರ್ ಹಜೇಲಿಯಸ್ ತೆರೆದ ಸ್ಕಾನ್ಸೆನ್ ಇದಕ್ಕೆ ಮೂಲ ಮಾದರಿ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಒಬ್ಬರೇ ಹಟ ಹಿಡಿದು ಕುಂಜೂರು ಚೌಕಿ ಮನೆಯೂ ಸೇರಿದಂತೆ ಹಲವು ಮನೆಗಳನ್ನು ಬಿಚ್ಚಿ ತಂದು ಪಾರಂಪರಿಕ ಗ್ರಾಮ ಕಟ್ಟಿದರು. ಚೆನ್ನೈ ಹೊರಗಿನ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರರ ಮನೆ ಇದೆ. ಕೆಂಗೇರಿಯಿಂದ ಮುಂದೆ, ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಈ ಮನೆಗಳೊಳಗಿದ್ದ ವಾಡೆ, ಬೀಸುಕಲ್ಲು, ಕೂರಿಗೆ, ನೊಗಗಳೆಲ್ಲ ಇವೆ. ಈ ಕೆಲಸಗಳು ಇಲ್ಲದಿದ್ದರೆ ಎಷ್ಟೋ ವಸ್ತುಗಳು ಒಲೆಗೆ ಹೋಗುತ್ತಿದ್ದವು. ಹಾಗಿದ್ದೂ ಊರಿನಿಂದ ಕಿತ್ತ ಮನೆಗೆ ಜಗುಲಿಯ ಮುಂದಿನ ಬೀದಿ ಇರುವುದಿಲ್ಲ. ಸ್ಥಳಾಂತರ ಕೊನೆಯ ಉಪಾಯವಾಗಿಯೇ ಇರಬೇಕು.

ಮೂರನೆಯದು, ಮನೆಯವರೇ ಇದ್ದು ಉಳಿಸುವುದು. ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ ಹಳೆಯ ಮನೆಗಳನ್ನು ದುರಸ್ತಿ ಮಾಡಿಸಿ ಊರಿನವರ ಜೀವನೋಪಾಯಕ್ಕೆ ಜೋಡಿಸಿದೆ. ಕೊಡಗಿನ ಐನ್‌ಮನೆ ಇನ್ನೂ ದೊಡ್ಡ ಪಾಠ. ಅದು ಯಾರೊಬ್ಬರ ಸ್ವತ್ತೂ ಅಲ್ಲ, ಇಡೀ ಒಕ್ಕದ್ದು, ಅಂದರೆ ಕುಲದ್ದು. ಎಲ್ಲೆಲ್ಲೋ ನೆಲೆಸಿದವರು ಕೈಲ್‌ಪೊದ್, ಪುತ್ತರಿ ಹಬ್ಬಗಳಿಗೆ ಅಲ್ಲಿ ಸೇರುತ್ತಾರೆ. ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಈ ಮನೆಗಳನ್ನು ಒಂದೊಂದಾಗಿ ನೋಡಿ ದಾಖಲಿಸಿದ್ದಾರೆ. ಜಪಾನಿನ ಶಿರಕಾವಾ-ಗೋ ಹಳ್ಳಿಯ ಹುಲ್ಲುಮಾಡಿನ ಮನೆಗಳು 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅಲ್ಲಿ ಇಂದಿಗೂ ಮಾಡು ಹೊದಿಸಲು ಊರಿಗೆ ಊರೇ ಮುಯ್ಯಿ ಕೆಲಸಕ್ಕೆ ಬರುವ ಪದ್ಧತಿಯಿದೆ. ಜಾನಪದ ವಾಸ್ತುವನ್ನು ಕುರಿತು ಸ್ಮಾರಕ ಮತ್ತು ತಾಣಗಳ ಅಂತರರಾಷ್ಟ್ರೀಯ ಮಂಡಳಿಯ (ಇಕೋಮಾಸ್) ಸನ್ನದು 1999ರಲ್ಲಿ ಮೆಕ್ಸಿಕೋದಲ್ಲಿ ಅಂಗೀಕಾರವಾದಾಗ ಒತ್ತಿ ಹೇಳಿದ್ದು ಇದನ್ನೇ: ಇಂಥ ಕಟ್ಟಡಗಳ ಉಳಿವು ಅವನ್ನು ಕಟ್ಟಿ ಬಾಳುವ ಸಮುದಾಯದ ಕೈಯಲ್ಲಿದೆ.

ದಾಖಲಾತಿ ಮತ್ತು ದುರಸ್ತಿ

ಪಶ್ಚಿಮ ಬೆಂಗಳೂರಿನ ಹಳ್ಳಿಮನೆಗಳ ಪೂರ್ಣ ಪಟ್ಟಿ ಮಾಡುವುದು ಮೊದಲ ಕೆಲಸ. ಅದು ಕಷ್ಟವೇನಲ್ಲ. ಮೇಲಿನಿಂದ ತೆಗೆದ ಚಿತ್ರದಲ್ಲಿ ಹೆಂಚಿನ ಮಾಡಿನ ನಡುವಿನ ಚೌಕ ತೆರವು ಎದ್ದು ಕಾಣುತ್ತದೆ. 2020ರ ಏಪ್ರಿಲ್‌ನಲ್ಲಿ ಆರಂಭವಾದ ಕೇಂದ್ರದ ಸ್ವಾಮಿತ್ವ ಯೋಜನೆ ಹಳ್ಳಿಗಳ ವಾಸದ ಜಾಗವನ್ನು ಡ್ರೋನಿನಿಂದ ಅಳೆದು ಆಸ್ತಿ ಪತ್ರ ಕೊಡುತ್ತದೆ. ಪಾಲಿಕೆಯ ಗಡಿಯಾಚೆಗಿನ ಹಳ್ಳಿಗಳಲ್ಲಿ ಈ ಚಿತ್ರಗಳನ್ನೇ ತೊಟ್ಟಿ ಮನೆ ಗುರುತಿಸಲು ಬಳಸಬಹುದು. ಗುರುತಿಸಿದ ಮೇಲೆ ಒಳಗೆ ಹೋಗಿ ಅಳೆಯಬೇಕು: ಅಂಕಣ, ಕಂಬ, ಮಾಡಿನ ಓರೆ, ಮೋರಿಯ ದಾರಿ. ಮನೆಯ ಹಿರಿಯ ಹೆಂಗಸರನ್ನು ಕೇಳಿ ಯಾವ ಮೂಲೆಯಲ್ಲಿ ಏನು ನಡೆಯುತ್ತಿತ್ತೆಂದು ಬರೆಯಬೇಕು.

ದಾಖಲೆಯ ಬೆಲೆ ತಿಳಿಯಲು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರನ್ನು ನೆನೆಯಬಹುದು. 1948ರಲ್ಲಿ ಅವರು ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ, ಪಟೇಲರ ಎತ್ತಿನ ಕೊಟ್ಟಿಗೆಯಿದ್ದ ಮನೆಯಲ್ಲೇ ಉಳಿದುಕೊಂಡು ಟಿಪ್ಪಣಿ ಮಾಡಿದ್ದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರು ಸಂಸ್ಕರಿಸಿಟ್ಟಿದ್ದ ಟಿಪ್ಪಣಿಗಳು ಸುಟ್ಟವು. 1976ರ ಅವರ ಪ್ರಸಿದ್ಧ ಗ್ರಂಥ ನೆನಪಿನಿಂದ ಬರೆದದ್ದು. ಜನರನ್ನು ನೆನಪಿನಿಂದ ಬರೆಯಬಹುದು. ಕಂಬದ ಎತ್ತರವನ್ನು, ತೊಲೆಯ ಬೆಸುಗೆಯನ್ನು ಹಾಗೆ ಬರೆಯಲಾಗದು.

ಮುಂದಿನದು ಮನೆಯವರಿಗೆ ಆಗುವ ನಷ್ಟ ತುಂಬುವುದು. ಮುಂಬಯಿ 1995ರ ಪರಂಪರೆ ನಿಯಮಗಳಲ್ಲಿ ಕಟ್ಟಡಗಳನ್ನು ಮೂರು ಶ್ರೇಣಿ ಮಾಡಿತು. ಕೆಡವಲು ಅವಕಾಶ ಕಳೆದುಕೊಂಡ ಒಡೆಯರಿಗೆ ಅಭಿವೃದ್ಧಿ ಹಕ್ಕನ್ನು ಬೇರೆಡೆಗೆ ವರ್ಗಾಯಿಸಲು ಅಲ್ಲಿ ಅವಕಾಶವಿದೆ. ಗ್ರಾಮಠಾಣದ ಮನೆಗಳಿಗೆ ಇಂಥದ್ದು ಬಂದರೆ ನಾಲ್ಕು ಮಹಡಿಯ ಲೆಕ್ಕಕ್ಕೆ ಎದುರು ಲೆಕ್ಕ ಸಿಗುತ್ತದೆ. ಆಸ್ತಿ ತೆರಿಗೆಯಲ್ಲಿ ವಿನಾಯಿತಿ, ಸುಣ್ಣದ ಗಾರೆ ಮತ್ತು ಮಣ್ಣಿನ ಗೋಡೆಯ ಕೆಲಸ ಬಲ್ಲ ಕೈಗಳಿಗೆ ತರಬೇತಿ, ರಸ್ತೆ ಮಾಡುವಾಗ ಹಳೆಯ ಡಾಂಬರು ಕೆರೆದು ನೆಲದ ಮಟ್ಟ ಉಳಿಸುವ ನಿಯಮ ಇವು ಯಾವ ಹೊಸ ಕಾಯ್ದೆಯನ್ನೂ ಕೇಳುವುದಿಲ್ಲ. ಕೊನೆಯದು ನಾಳೆಯೇ ಆಗಬಹುದಾದ ಕೆಲಸ.

ಇಂಥ ಮನೆ ಇರುವ ಕುಟುಂಬಗಳಲ್ಲಿ ಒಂದು ಕೋರಿಕೆ. ಪಾಲು ಮಾಡಿಕೊಳ್ಳುವಾಗ ತೊಟ್ಟಿಯನ್ನು ಎಲ್ಲರಿಗೂ ಸೇರಿದ ಜಾಗವೆಂದು ಪತ್ರದಲ್ಲಿ ಬರೆಸಿ. ಗೋಡೆಗೆ ಸಿಮೆಂಟ್ ಮೆತ್ತಿಸುವ ಮೊದಲು ಸುಣ್ಣದ ಕೆಲಸ ಬಲ್ಲವರನ್ನು ಕೇಳಿ. ಕೆಡವಲೇಬೇಕಾಗಿ ಬಂದರೆ, ಹೆಂಚು ಇಳಿಸುವ ಮೊದಲು ಹತ್ತಿರದ ವಾಸ್ತುಶಿಲ್ಪ ಕಾಲೇಜಿಗೆ ತಿಳಿಸಿ ಮನೆಯ ಅಳತೆ ತೆಗೆಸಿ, ಚಿತ್ರ ಮಾಡಿಸಿ, ಅದರ ಒಂದು ಪ್ರತಿಯನ್ನು ಊರಿನ ಗ್ರಂಥಾಲಯಕ್ಕೆ ಕೊಡಿ.